ಬಾವುಟ ಯಾವ ಬಟ್ಟೆಯದ್ದು, ಗಡಿ ಯಾವ ನೂಲಿನದ್ದು: ರಾಷ್ಟ್ರಚಿಹ್ನೆಗಳ ಮುಂದೆ ಶಿಲ್ಪಿಗಳು ಇಟ್ಟ ಪ್ರಶ್ನೆ

2021ರ ಡಿಸೆಂಬರ್ 30ರಂದು ಕೇಂದ್ರ ಸರ್ಕಾರ ಧ್ವಜಸಂಹಿತೆಗೆ, ಅಂದರೆ ರಾಷ್ಟ್ರಧ್ವಜ ಬಳಸುವ ನಿಯಮಗಳಿಗೆ, ತಿದ್ದುಪಡಿ ತಂದಿತು. ಅಲ್ಲಿಯವರೆಗೆ ಬಟ್ಟೆಯ ರಾಷ್ಟ್ರಧ್ವಜ ಎಂದರೆ ಕೈಯಲ್ಲಿ ನೂತು ಕೈಮಗ್ಗದಲ್ಲಿ ನೇಯ್ದ ಖಾದಿಯದ್ದೇ ಆಗಬೇಕಿತ್ತು. ಅಂದಿನಿಂದ ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಮುಂದೆ 2022ರ ಜುಲೈ 11ರಂದು ಹೊಸ ಸಂಸತ್ ಭವನದ ನೆತ್ತಿಯ ಮೇಲೆ ಕಂಚಿನ ಸಿಂಹಲಾಂಛನ ಅನಾವರಣಗೊಂಡಿತು. ಎತ್ತರ 6.5 ಮೀಟರ್, ತೂಕ 9,500 ಕಿಲೋ. ಸಾರನಾಥದ ಅಶೋಕಸ್ತಂಭದ ಸಿಂಹಗಳಲ್ಲಿರುವ ಶಾಂತಭಾವ ಇವುಗಳಲ್ಲಿಲ್ಲ, ಇವು ಹಲ್ಲು ತೋರಿಸುತ್ತಿವೆ ಅಂತ ಜಗಳ ಎದ್ದಿತು. 2025ರ ಸೆಪ್ಟೆಂಬರ್‌ನಲ್ಲಿ ಶ್ರೀನಗರದ ಹಜರತ್‌ಬಲ್ ದರ್ಗಾದಲ್ಲಿ ನವೀಕರಣದ ಫಲಕದ ಮೇಲಿದ್ದ ಇದೇ ಲಾಂಛನವನ್ನು ಗುಂಪೊಂದು ಒಡೆಯಿತು. ಒಡೆದದ್ದು ತಪ್ಪು ಎಂದು ಒಂದು ಕಡೆಯವರು, ಪ್ರಾರ್ಥನೆಯ ಜಾಗದಲ್ಲಿ ಸರ್ಕಾರಿ ಲಾಂಛನ ಯಾಕೆ ಬೇಕಿತ್ತು ಎಂದು ಇನ್ನೊಂದು ಕಡೆಯವರು ಕೇಳಿದರು.

ಈ ಸುದ್ದಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಯಾರಿಗಾದರೂ ಗೊಂದಲವಾಗುತ್ತದೆ. ಸರ್ಕಾರ ಬಾವುಟದ ಬಟ್ಟೆ ಬದಲಾಯಿಸಿದರೆ ತಪ್ಪಿಲ್ಲ. ಸಿಂಹದ ಮುಖಭಾವ ಬೇರೆ ಥರ ಕಂಡರೂ ಕಾನೂನು ಮುರಿದಂತಲ್ಲ ಎಂದು ಸುಪ್ರೀಂ ಕೋರ್ಟೇ ಹೇಳಿತು. ಆದರೆ ಸಿಂಹಗಳ ಜಾಗದಲ್ಲಿ ತೋಳಗಳನ್ನು ಬರೆದ ವ್ಯಂಗ್ಯಚಿತ್ರಕಾರ ಅಸೀಮ್ ತ್ರಿವೇದಿಯನ್ನು 2012ರಲ್ಲಿ ಮುಂಬೈ ಪೊಲೀಸರು ಬಂಧಿಸಿದರು, ದೇಶದ್ರೋಹದ ಆರೋಪವನ್ನೂ ಹೊರಿಸಿದರು. ತ್ರಿವರ್ಣದ ಕೇಕ್ ಕತ್ತರಿಸಿದವರ ಮೇಲೆ ಕೇಸು ಬಿತ್ತು. ಅದೇ ಕಾಲದಲ್ಲಿ ದೇಶದ ಗಡಿ, ರಾಷ್ಟ್ರವೃಕ್ಷ, ಗಾಂಧೀಜಿ ಇವನ್ನೆಲ್ಲ ಅಡುಗೆ ಪಾತ್ರೆ, ನೂಲು, ಅಂಟುಟೇಪು ಬಳಸಿ ಪ್ರಶ್ನಿಸಿದ ಶಿಲ್ಪಿಗಳ ಕೃತಿಗಳು ದೊಡ್ಡ ದೊಡ್ಡ ಮ್ಯೂಸಿಯಂಗಳನ್ನು ಸೇರಿದವು.

ಹಾಗಾದರೆ ಗೆರೆ ಎಲ್ಲಿದೆ? ಉತ್ತರ ಹುಡುಕಲು ಚಿಹ್ನೆಯ ಆಕಾರವನ್ನಷ್ಟೇ ನೋಡಿದರೆ ಸಾಲದು. ಅದು ಯಾವ ವಸ್ತುವಿನಿಂದ ಆಗಿದೆ, ಆ ವಸ್ತುವನ್ನು ಯಾರು ಆರಿಸಿದರು ಅನ್ನುವುದನ್ನೂ ನೋಡಬೇಕು. ನಮ್ಮ ಶಿಲ್ಪಿಗಳು ಮೂರು ದಶಕಗಳಿಂದ ಮಾಡುತ್ತಿರುವುದು ಇದನ್ನೇ.

ಚಿಹ್ನೆಗಳು ಕಲಾವಿದರ ಕೈಯಲ್ಲೇ ಬದಲಾದವು

ರಾಷ್ಟ್ರಚಿಹ್ನೆ ಎಂದರೆ ಮೊದಲಿನಿಂದ ಹೀಗೇ ಇತ್ತು ಎಂಬ ಭಾವನೆ ನಮ್ಮಲ್ಲಿದೆ. ಹಾಗೇನಿಲ್ಲ. ಸಾರನಾಥದ ಸ್ತಂಭದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕುಳಿತ ನಾಲ್ಕು ಸಿಂಹಗಳಿವೆ. ಅದು ನುಣುಪು ಮಾಡಿದ ಮರಳುಗಲ್ಲು. 1950ರ ಜನವರಿ 26ರಂದು ಅದು ಲಾಂಛನವಾದಾಗ ಕಾಗದದ ಮೇಲಿನ ಚಿತ್ರವಾಯಿತು. ನಾಲ್ಕನೆಯ ಸಿಂಹ ಹಿಂದೆ ಮರೆಯಾಯಿತು, ಕೆಳಗಿನ ಕಮಲವನ್ನು ಕೈಬಿಡಲಾಯಿತು. ಶಾಂತಿನಿಕೇತನದಲ್ಲಿ ನಂದಲಾಲ್ ಬೋಸ್ ಅವರ ಶಿಷ್ಯರಾಗಿದ್ದ ದೀನಾನಾಥ್ ಭಾರ್ಗವ ಅದನ್ನು ಬರೆದರು. ಅಂದರೆ ಲಾಂಛನ ಹುಟ್ಟಿದ್ದೇ ಕಲಾವಿದರೊಬ್ಬರು ಇಷ್ಟು ಇರಲಿ, ಇಷ್ಟು ಬೇಡ ಎಂದು ತೀರ್ಮಾನಿಸಿದ್ದರಿಂದ.

ಬಾವುಟದ ಕತೆಯೂ ಇಂಥದ್ದೇ. ಸ್ವಾತಂತ್ರ್ಯ ಚಳವಳಿಯ ಬಾವುಟದ ನಡುವೆ ಚರಕ ಇತ್ತು. 1947ರ ಜುಲೈ 22ರಂದು ಸಂವಿಧಾನ ಸಭೆ ಒಪ್ಪಿದ ಬಾವುಟದಲ್ಲಿ ಅದರ ಜಾಗಕ್ಕೆ ಅಶೋಕಚಕ್ರ ಬಂತು. ಚರಕ ಹೋದದ್ದಕ್ಕೆ ಗಾಂಧೀಜಿ ತಮ್ಮ ಬೇಸರವನ್ನು ಮುಚ್ಚಿಡಲಿಲ್ಲ. ಆದರೂ ಚರಕ ಪೂರ್ತಿ ಹೋಗಲಿಲ್ಲ. ಚಿತ್ರದಿಂದ ಹೋದ ಚರಕ ಬಟ್ಟೆಯಲ್ಲಿ ಉಳಿಯಿತು. ಬಾವುಟ ಖಾದಿಯದ್ದೇ ಆಗಬೇಕೆಂಬ ನಿಯಮಕ್ಕೆ ಇದ್ದ ತೂಕ ಅದು. ನೂಲುವ ಕೈಗಳ ದುಡಿಮೆಯೇ ಅಲ್ಲಿ ಚಿಹ್ನೆಯಾಗಿತ್ತು.

ಹುಬ್ಬಳ್ಳಿಯಲ್ಲಿ ಕಂಡ ಪರಿಣಾಮ

ಈ ಬದಲಾವಣೆಯ ಬಿಸಿ ಮೊದಲು ತಟ್ಟಿದ್ದು ಕನ್ನಡ ನಾಡಿಗೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಮಾನ್ಯತೆಯ ರಾಷ್ಟ್ರಧ್ವಜಗಳಿಗೆ ದೇಶದಲ್ಲೇ ಹೆಸರಾದ ಘಟಕ. ಬಾಗಲಕೋಟೆಯ ತುಳಸಿಗೇರಿ, ಧಾರವಾಡದ ಗರಗದ ಮಗ್ಗಗಳಿಗೂ ಧ್ವಜದ ಬಟ್ಟೆಗೂ ಹಳೆಯ ನಂಟು. ಬಾವುಟದ ಅಳತೆ, ಬಣ್ಣ, ದಾರದ ಎಳೆ, ಹೊಲಿಗೆ ಎಲ್ಲಕ್ಕೂ ಮಾನದಂಡವಿದೆ. ದೇಶ ತನ್ನ ಮಾನಕಗಳಿಗೆ ಸಂಖ್ಯೆ ಕೊಡಲು ಶುರು ಮಾಡಿದಾಗ ಮೊದಲ ಸಂಖ್ಯೆ, ಐಎಸ್ 1, ಸಿಕ್ಕಿದ್ದು ರಾಷ್ಟ್ರಧ್ವಜಕ್ಕೇ. ಅದರಲ್ಲಿ ಒಂಬತ್ತು ಅಳತೆಗಳಿವೆ. ಅತಿ ದೊಡ್ಡದು 21 ಅಡಿ ಉದ್ದ, 14 ಅಡಿ ಅಗಲ.

2022ರ ಆಗಸ್ಟ್‌ನಲ್ಲಿ ಮನೆಮನೆಗೂ ಬಾವುಟ ಎಂಬ ಅಭಿಯಾನ ಬಂತು. ಕೋಟಿಗಟ್ಟಲೆ ಬಾವುಟ ಬೇಕಾಯಿತು. ಅಷ್ಟನ್ನು ಕೈಮಗ್ಗದಿಂದ ಕೊಡಲು ಆಗುವುದಿಲ್ಲ, ಅದಕ್ಕೇ ಪಾಲಿಯೆಸ್ಟರ್ ಬೇಕು ಎಂಬುದು ಸರ್ಕಾರದ ಕಡೆಯ ವಾದ. ಅದರಲ್ಲಿ ಹುರುಳಿದೆ. ಕಡಿಮೆ ಬೆಲೆಗೆ ಸಿಕ್ಕರೆ ತಾನೇ ಬಡವರ ಮನೆಯ ಮೇಲೂ ಬಾವುಟ ಹಾರುವುದು? ಆದರೆ ಬೆಂಗೇರಿಯ ಸಂಘ ಅದೇ ವರ್ಷದ ಜುಲೈನಲ್ಲೇ ತಿದ್ದುಪಡಿಯನ್ನು ವಿರೋಧಿಸಿ ಪ್ರತಿಭಟಿಸಿತು. ಯಂತ್ರದ ಬಾವುಟದ ಬೆಲೆಗೆ ಕೈಮಗ್ಗದ ಬಾವುಟ ಕೊಡುವುದು ಸಾಧ್ಯವೇ ಇಲ್ಲ. ಬೆಲೆ ಒಂದೇ ಲೆಕ್ಕವಾದರೆ ನೂಲುವವರಿಗೆ, ನೇಯುವವರಿಗೆ ಕೆಲಸ ಹೋಗುತ್ತದೆ. ನೂಲುವ, ನೇಯುವ ಹೆಂಗಸರು ಎತ್ತಿದ್ದು ಹೊಟ್ಟೆಪಾಡಿನ ಪ್ರಶ್ನೆ. ಆದರೆ ಅದೇ ಪ್ರಶ್ನೆ ಚಿಹ್ನೆಯ ಬಗ್ಗೆಯೂ ಆಗಿತ್ತು: ಆಕಾರ, ಬಣ್ಣ ಹಾಗೇ ಇದ್ದು ಒಳಗಿನ ದುಡಿಮೆ ಬದಲಾದರೆ ಅದು ಅದೇ ಬಾವುಟವೇ?

ಇನ್ನೊಂದು ಪರಿಣಾಮವನ್ನು ಯಾರೂ ಜಾಸ್ತಿ ಮಾತಾಡಲಿಲ್ಲ. ಹರಿದು ಹಾಳಾದ ಬಾವುಟವನ್ನು ಖಾಸಗಿಯಾಗಿ, ಗೌರವದಿಂದ, ಸಾಧ್ಯವಾದರೆ ಸುಟ್ಟು ವಿಲೇವಾರಿ ಮಾಡಬೇಕೆಂದು ಧ್ವಜಸಂಹಿತೆ ಹೇಳುತ್ತದೆ. ಖಾದಿ ಸುಟ್ಟರೆ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಂಟಾಗುತ್ತದೆ, ಕೆಟ್ಟ ಹೊಗೆ ಬಿಡುತ್ತದೆ. ವಸ್ತುವನ್ನು ಬದಲಿಸಿದ ನಿಯಮಕ್ಕೂ ವಿಲೇವಾರಿಯ ನಿಯಮಕ್ಕೂ ಈಗ ತಾಳೆ ಇಲ್ಲ.

ಶಿಲ್ಪಿಗಳು ಏನು ಮಾಡಿದರು

ಶಿಲ್ಪಾ ಗುಪ್ತಾ ಮುಂಬೈನವರು, ಜೆ.ಜೆ. ಕಲಾಶಾಲೆಯಲ್ಲಿ ಶಿಲ್ಪಕಲೆ ಕಲಿತವರು. 2011–12ರಲ್ಲಿ ಅವರು ಮಾಡಿದ ಒಂದು ಕೃತಿ ನೋಡಲು ಬಹಳ ಸರಳ. ಗಾಜಿನ ಪೆಟ್ಟಿಗೆಯೊಳಗೆ ಕೈಯಲ್ಲಿ ಸುತ್ತಿದ ನೂಲಿನ ಒಂದು ಉಂಡೆ. ಪಕ್ಕದ ಫಲಕದಲ್ಲಿ ಲೆಕ್ಕ. ಕೃತಿಯ ಹೆಸರೇ 1:14.9 ಎಂಬ ಅನುಪಾತ. ಭಾರತ ಮತ್ತು ಪಾಕಿಸ್ತಾನದ ನಡುವೆ ಬೇಲಿ ಹಾಕಿದ ಗಡಿಯ ಉದ್ದ ಸುಮಾರು 1,900 ಕಿಲೋಮೀಟರ್. ಅದನ್ನು 14.9ರಿಂದ ಭಾಗಿಸಿದರೆ ಎಷ್ಟು ಬರುತ್ತದೋ ಅಷ್ಟು ಉದ್ದದ ನೂಲು ಆ ಉಂಡೆಯಲ್ಲಿದೆ.

ಇಲ್ಲಿ ಯಾವ ಘೋಷಣೆಯೂ ಇಲ್ಲ, ಯಾರ ಬಾವುಟವೂ ಇಲ್ಲ. ಆದರೆ ನೋಡುತ್ತಾ ನಿಂತರೆ ಒಂದು ವಿಷಯ ಹೊಳೆಯುತ್ತದೆ. ನಕ್ಷೆಯಲ್ಲಿ ಗಡಿ ಒಂದು ಗೆರೆ, ನೆಲದ ಮೇಲೆ ಅದು ತಂತಿ, ಕಂಬ, ದೀಪ, ಕಾವಲು. ಅದನ್ನೇ ನೂಲಾಗಿ ಸುತ್ತಿದರೆ ಒಂದು ಸಣ್ಣ ಮೊಟ್ಟೆಯ ಆಕಾರದ ಉಂಡೆ. ಇಷ್ಟು ಹಗುರವಾದದ್ದಕ್ಕೆ ಇಷ್ಟು ಭಾರ ಎಲ್ಲಿಂದ ಬಂತು? ಉತ್ತರ ನೋಡುವವರಿಗೆ ಬಿಟ್ಟದ್ದು. ಈ ವಿಷಯದಲ್ಲಿ ಬಂದಿರುವ ಕೃತಿಗಳಲ್ಲಿ ಇದೇ ಅತ್ಯಂತ ಗಟ್ಟಿಯಾದದ್ದು ಎಂಬುದು ನನ್ನ ಅಭಿಪ್ರಾಯ, ಯಾಕೆಂದರೆ ಇದರಲ್ಲಿ ಒಂದು ಎಳೆಯೂ ಹೆಚ್ಚಾಗಿಲ್ಲ. ಇದಕ್ಕೂ ಮೊದಲು, 2005–06ರಲ್ಲಿ, ಅವರು ಹಳದಿ ಅಂಟುಟೇಪಿನ ಅಕ್ಷರಗಳನ್ನು ಗೋಡೆಗೆ ಹಚ್ಚಿ ಬಾವುಟದ ಆಕಾರ ಮಾಡಿದ್ದರು. ಅದು ಯಾವ ದೇಶದ ಬಾವುಟವೂ ಅಲ್ಲ. ಇಲ್ಲಿ ಗಡಿ ಇಲ್ಲ ಎಂಬುದು ಅದರ ಹೆಸರಿನ ಸಾರ.

ಸುಬೋಧ್ ಗುಪ್ತಾ ಅವರ ದಾರಿ ಇದಕ್ಕೆ ಪೂರ್ತಿ ಉಲ್ಟಾ. ಬಿಹಾರದ ಖಗೌಲ್‌ನವರಾದ ಅವರು ಹಿಡಿದದ್ದು ಸ್ಟೀಲ್ ಪಾತ್ರೆ. ಸ್ವಾತಂತ್ರ್ಯ ಬಂದ ಮೇಲೆ ಭಿಲಾಯಿ, ರೂರ್ಕೆಲಾ, ದುರ್ಗಾಪುರದ ಉಕ್ಕಿನ ಕಾರ್ಖಾನೆಗಳು ಹೊಸ ದೇಶದ ಹೆಮ್ಮೆಯಾದವು. ಅಡುಗೆಮನೆಗಳಲ್ಲಿ ತಾಮ್ರ, ಹಿತ್ತಾಳೆಯ ಜಾಗಕ್ಕೆ ಸ್ಟೀಲ್ ಬಂತು. ಹಾಗಾಗಿ ಸ್ಟೀಲ್ ತಟ್ಟೆ, ಬಿಂದಿಗೆ, ಟಿಫಿನ್ ಡಬ್ಬಿ ಎಂದರೆ ಬರೀ ಪಾತ್ರೆಯಲ್ಲ, ಮಧ್ಯಮ ವರ್ಗದ ಕನಸು ಕೂಡ. 2008ರ ‘ಲೈನ್ ಆಫ್ ಕಂಟ್ರೋಲ್’ ಕೃತಿಯಲ್ಲಿ ಅವರು ಇಂಥ ಪಾತ್ರೆಗಳನ್ನು ರಾಶಿ ಹಾಕಿ ಅಣುಬಾಂಬಿನ ಅಣಬೆ ಮೋಡ ಮಾಡಿದರು. ಅದು ಈಗ ದೆಹಲಿಯ ಕಿರಣ್ ನಾಡಾರ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಗಡಿಯ ಎರಡೂ ಕಡೆಯ ಅಡುಗೆಮನೆಗಳಲ್ಲಿ ಇರುವುದು ಇವೇ ಪಾತ್ರೆಗಳು. ಭಾರತ, ಪಾಕಿಸ್ತಾನ ಎರಡೂ 1998ರಲ್ಲಿ ಅಣುಪರೀಕ್ಷೆ ಮಾಡಿದವು. ಬಾಂಬು ಬಿದ್ದರೆ ಹಾರುವುದು ಏನು ಎಂಬುದನ್ನು ಆ ಪಾತ್ರೆಗಳೇ ಹೇಳುತ್ತವೆ.

2014ರಲ್ಲಿ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಹುಲ್ಲುಹಾಸಿನ ಮೇಲೆ ಅವರ ಸ್ಟೀಲ್ ಆಲದ ಮರ ನಿಂತಿತು. ಹೆಸರು ‘ದಾದಾ’. ಆಲ ನಮ್ಮ ರಾಷ್ಟ್ರವೃಕ್ಷ. ಕೊಂಬೆಗಳಲ್ಲಿ ಎಲೆಗಳ ಬದಲು ಪಾತ್ರೆಗಳು ತೂಗುತ್ತವೆ. ನೆರಳು ಕೊಡಬೇಕಾದ ಮರ ಬಿಸಿಲನ್ನು ಕಣ್ಣಿಗೆ ಹೊಡೆಯುತ್ತದೆ. ‘ಗಾಂಧೀಸ್ ಥ್ರೀ ಮಂಕೀಸ್’ ಕೃತಿಯಲ್ಲಿ ಗಾಂಧೀಜಿಯ ಮೂರು ಕೋತಿಗಳು ಮೂರು ತಲೆಗಳಾಗಿ, ಯುದ್ಧದ ಹೆಲ್ಮೆಟ್ಟು, ಮುಸುಕು, ಅನಿಲ ಮುಖವಾಡ ತೊಟ್ಟಿವೆ. ಸರ್ಕಾರಿ ಅಧಿಕಾರದ ಗುರುತಾಗಿದ್ದ ಅಂಬಾಸಿಡರ್ ಕಾರನ್ನೂ ಅವರು ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದಿದ್ದಾರೆ.

ಇವುಗಳ ಬಗ್ಗೆ ಒಂದು ಟೀಕೆ ಇದೆ, ಅದು ನ್ಯಾಯವಾದದ್ದು. ಹೊಳಪು ಜಾಸ್ತಿ. ಜನ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಮಾರುಕಟ್ಟೆಯಲ್ಲಿ ದೊಡ್ಡ ಬೆಲೆ ಬಂದ ಮೇಲೆ ಪ್ರಶ್ನೆ ಅಲಂಕಾರವಾಗುವ ಅಪಾಯವಿದೆ. ನೂಲಿನ ಉಂಡೆಯ ಮುಂದೆ ಹೀಗಾಗುವುದಿಲ್ಲ.

ಕರ್ನಾಟಕದ ಕಲಾವಿದರು ಈ ದಾರಿಯಲ್ಲಿ ಮೊದಲೇ ಹೆಜ್ಜೆ ಇಟ್ಟಿದ್ದರು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಚಿತ್ರಕಲೆಯಿಂದ ಬಂದವರು. 1990ರ ದಶಕದ ಆರಂಭದ ಕೋಮುಗಲಭೆಗಳ ಹೊತ್ತಿನಲ್ಲಿ ಅವರು ಬಣ್ಣ ಬಿಟ್ಟು ಸಗಣಿ ಹಿಡಿದರು. ಗೋವು ರಾಜಕೀಯದ ಘೋಷಣೆಯಾಗುತ್ತಿದ್ದ ಕಾಲದಲ್ಲಿ ಸಗಣಿ ಎಂದರೆ ಅಂಗಳ ಸಾರಿಸುವುದು, ಬೆರಣಿ ತಟ್ಟುವುದು, ಹೆಂಗಸರ ದಿನದ ಕೆಲಸ ಎಂಬುದನ್ನು ಅವರು ಕಣ್ಣ ಮುಂದೆ ಇಟ್ಟರು. ಕೋಟೇಶ್ವರದ ಎಲ್.ಎನ್. ತಲ್ಲೂರು ನೋಡುಗರ ಕೈಗೆ ಸುತ್ತಿಗೆ ಕೊಟ್ಟು ಮರದ ದಿಮ್ಮಿಗೆ ನಾಣ್ಯ ಹೊಡೆಯಿರಿ ಎಂದರು. ಬರೋಡದಲ್ಲಿ ಶಿಲ್ಪಕಲೆ ಓದಿದ ಬೆಂಗಳೂರಿನ ಪುಷ್ಪಮಾಲಾ ಎನ್. ತಾವೇ ಭಾರತಮಾತೆಯ ವೇಷ ಹಾಕಿ, ಬಣ್ಣದ ಪರದೆ, ಬಟ್ಟೆ, ರಟ್ಟಿನ ಸಾಮಾನುಗಳ ನಡುವೆ ನಿಂತರು. ತಾಯಿಯ ಚಿತ್ರವೂ ಯಾರೋ ಕಟ್ಟಿದ್ದು ಎಂಬುದು ಆ ಪರದೆಗಳಿಂದಲೇ ಗೊತ್ತಾಗುತ್ತದೆ.

ಕಾನೂನು ಎಲ್ಲಿ ನಿಲ್ಲುತ್ತದೆ

ಈಗ ಗೆರೆಯ ವಿಷಯಕ್ಕೆ ಬರೋಣ. ರಾಷ್ಟ್ರಗೌರವಕ್ಕೆ ಅಪಮಾನ ತಡೆಯುವ 1971ರ ಕಾಯ್ದೆಯಲ್ಲಿ ಬಾವುಟವನ್ನು ಸಾರ್ವಜನಿಕವಾಗಿ ಸುಡುವುದು, ವಿರೂಪಗೊಳಿಸುವುದು, ತುಳಿಯುವುದು ಅಪರಾಧ. ಶಿಕ್ಷೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಶಿಲ್ಪಿಗಳಿಗೆ ಮುಖ್ಯವಾದದ್ದು ಅದರ ವಿವರಣೆ. ಬಾವುಟ ಎಂದರೆ ಬಟ್ಟೆ ಮಾತ್ರವಲ್ಲ. ಅದರ ಚಿತ್ರ, ಫೋಟೋ, ಕಣ್ಣಿಗೆ ಕಾಣುವ ಯಾವುದೇ ರೂಪ, ಯಾವುದೇ ವಸ್ತುವಿನಿಂದ ಮಾಡಿದ್ದಾದರೂ ಸರಿ, ಬಾವುಟವೇ. ಅಂದರೆ ತ್ರಿವರ್ಣವನ್ನು ಬಾಟಲಿ ಮುಚ್ಚಳದಿಂದ ಮಾಡಿ ನೆಲಕ್ಕೆ ಹಾಸಿದರೆ, ಅದು ಬಟ್ಟೆಯಲ್ಲ ಎಂಬ ಸಬೂಬು ನಡೆಯುವುದಿಲ್ಲ.

ಅದೇ ಕಾಯ್ದೆಯಲ್ಲಿ ಇನ್ನೊಂದು ವಿವರಣೆಯೂ ಇದೆ. ಕಾನೂನುಬದ್ಧವಾಗಿ ಬದಲಾವಣೆ ತರುವ ಉದ್ದೇಶದಿಂದ ಸಂವಿಧಾನವನ್ನೋ ಬಾವುಟವನ್ನೋ ಟೀಕಿಸಿದರೆ ಅದು ಅಪರಾಧವಲ್ಲ. ಟೀಕೆಗೆ ಬಾಗಿಲು ತೆರೆದಿದೆ. ಆದರೆ ಕಲಾಕೃತಿಗೆ ಪ್ರತ್ಯೇಕ ವಿನಾಯಿತಿ ಇಲ್ಲ. ಲಾಂಛನದ 2005ರ ಕಾಯ್ದೆಯ ಗುರಿ ಬೇರೆ. ಸರ್ಕಾರಕ್ಕೆ ಸಂಬಂಧಿಸಿದ್ದು ಎಂಬ ಭ್ರಮೆ ಹುಟ್ಟಿಸುವ ಬಳಕೆಯನ್ನು ಅದು ತಡೆಯುತ್ತದೆ. ಹೊಸ ಸಂಸತ್ತಿನ ಸಿಂಹಗಳ ವಿರುದ್ಧದ ಅರ್ಜಿಯನ್ನು 2022ರ ಸೆಪ್ಟೆಂಬರ್ 30ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಸಿಂಹ ಹೇಗೆ ಕಾಣುತ್ತದೆ ಎಂಬುದು ನೋಡುವವರ ಮನಸ್ಸಿಗೆ ಬಿಟ್ಟದ್ದು ಎಂಬ ಅರ್ಥದ ಮಾತು ಆ ದಿನ ಕೋರ್ಟಿನಿಂದ ಬಂತು.

ಈ ಮಾತನ್ನು ಎಲ್ಲರಿಗೂ ಸಮಾನವಾಗಿ ಅನ್ವಯಿಸಿದರೆ ಬಹಳ ದೂರ ಹೋಗಬಹುದು. ಸರ್ಕಾರದ ಶಿಲ್ಪಿಗೆ ಸಿಕ್ಕ ಈ ಸಡಿಲಿಕೆ ಸ್ವತಂತ್ರ ಶಿಲ್ಪಿಗೂ ಸಿಗಬೇಕಲ್ವಾ? ಮದ್ರಾಸ್ ಹೈಕೋರ್ಟ್ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದೆ. 2013ರ ಕ್ರಿಸ್‌ಮಸ್ ದಿನ ಕೊಯಮತ್ತೂರಿನಲ್ಲಿ ಭಾರತದ ನಕ್ಷೆ, ತ್ರಿವರ್ಣ, ಅಶೋಕಚಕ್ರ ಇದ್ದ ದೊಡ್ಡ ಕೇಕ್ ಕತ್ತರಿಸಲಾಯಿತು. ಕೇಸು ದಾಖಲಾಯಿತು. 2021ರ ಮಾರ್ಚ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಹೊರಗಿನ ಕ್ರಿಯೆಯನ್ನಷ್ಟೇ ನೋಡದೆ ಹಿಂದಿರುವ ಉದ್ದೇಶವನ್ನು ನೋಡಬೇಕು ಎಂಬುದು ತೀರ್ಪಿನ ತಿರುಳು. ಇದಕ್ಕೂ ಹಿಂದೆ, 2004ರಲ್ಲಿ, ನವೀನ್ ಜಿಂದಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಾವುಟ ಹಾರಿಸುವುದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದಿತ್ತು, ಮಿತಿಗಳ ಜೊತೆಗೆ.

ವಿರೋಧಿಸುವವರ ಮಾತಿನ ತೂಕ

ಚಿಹ್ನೆಗಳನ್ನು ಮುಟ್ಟಬೇಡಿ ಎನ್ನುವವರನ್ನು ಸುಮ್ನೆ ಸಂಕುಚಿತ ಮನಸ್ಸಿನವರು ಎಂದು ತಳ್ಳಿಹಾಕುವುದು ತಪ್ಪು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧ ಮೀರಿ ಬಾವುಟ ಏರಿಸಿದವರು ಸೆರೆಮನೆಗೆ ಹೋದರು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಬಾವುಟಕ್ಕಾಗಿ ಸೇರಿದ ಜನರ ಮೇಲೆ ಗುಂಡು ಹಾರಿತು, ಜನ ಸತ್ತರು. ಇವತ್ತೂ ಸೈನಿಕನ ಶವಪೆಟ್ಟಿಗೆಯ ಮೇಲೆ ಹೊದಿಸುವುದು ಅದೇ ಬಟ್ಟೆಯನ್ನು. ಆ ಮನೆಯವರಿಗೆ ಅದು ವಾದದ ವಿಷಯವಲ್ಲ. ಇಷ್ಟು ಭಾಷೆ, ಇಷ್ಟು ಧರ್ಮ ಇರುವ ದೇಶದಲ್ಲಿ ಎಲ್ಲರೂ ಒಟ್ಟಿಗೆ ಎದ್ದು ನಿಲ್ಲುವ ಗುರುತುಗಳು ಕೆಲವೇ. ಅವನ್ನು ಗುಜರಿ ಸಾಮಾನಿನಿಂದ ಮಾಡಿ ನಿಲ್ಲಿಸಿದರೆ ನೋವಾಗುವುದು ಸಹಜ.

ಆದರೆ ಈ ವಾದದಲ್ಲಿ ಒಂದು ಊಹೆ ಅಡಗಿದೆ. ದಿನಬಳಕೆಯ ವಸ್ತು ಕೀಳು, ಕಂಚು ಮತ್ತು ಅಮೃತಶಿಲೆ ಮೇಲು ಎಂಬ ಊಹೆ. ಸ್ವಾತಂತ್ರ್ಯ ಚಳವಳಿ ನಡೆದದ್ದೇ ಇದಕ್ಕೆ ವಿರುದ್ಧವಾಗಿ. ಉಪ್ಪು, ನೂಲು, ಒರಟು ಬಟ್ಟೆ ಇವೇ ಆಗ ದೇಶದ ಗುರುತಾಗಿದ್ದವು. ಸ್ಟೀಲ್ ತಟ್ಟೆ, ಸಗಣಿ, ನೂಲಿನ ಉಂಡೆ ಹಿಡಿದ ಶಿಲ್ಪಿಗಳು ನಿಂತಿರುವುದು ಆ ಸಾಲಿನಲ್ಲೇ.

ಸರ್ಕಾರ ಕೂಡ ಈ ವಸ್ತುಗಳ ಶಕ್ತಿಯನ್ನು ಚೆನ್ನಾಗಿ ಬಲ್ಲದು. 2018ರಲ್ಲಿ ಅನಾವರಣಗೊಂಡ 182 ಮೀಟರ್ ಎತ್ತರದ ಸರ್ದಾರ್ ಪಟೇಲರ ಪ್ರತಿಮೆಗಾಗಿ ಹಳ್ಳಿಹಳ್ಳಿಗಳಿಂದ ರೈತರ ಹಳೆಯ ಕಬ್ಬಿಣದ ಉಪಕರಣಗಳನ್ನು ಸಂಗ್ರಹಿಸಲಾಯಿತು. 2023ರಲ್ಲಿ ಊರೂರಿನ ಮಣ್ಣನ್ನು ಕಲಶಗಳಲ್ಲಿ ದೆಹಲಿಗೆ ತರಲಾಯಿತು. ನೇಗಿಲಿನ ಕಬ್ಬಿಣ, ಹೊಲದ ಮಣ್ಣು ಅಲ್ಲಿ ಒಗ್ಗಟ್ಟಿನ ಮಾತಾದವು. ಜರ್ಮನಿಯಲ್ಲಿ ಕಲಾವಿದ ಹಾನ್ಸ್ ಹಾಕೆ ಇದೇ ಮಣ್ಣನ್ನು ಬೇರೆ ಕೆಲಸಕ್ಕೆ ಹಚ್ಚಿದರು. ಅವರ ಕೃತಿಯ ಯೋಜನೆ ಇದು: ಅಲ್ಲಿನ ಸಂಸದರು ತಮ್ಮ ತಮ್ಮ ಕ್ಷೇತ್ರದ ಮಣ್ಣು ತಂದು ಸಂಸತ್ತಿನ ಅಂಗಳದ ತೊಟ್ಟಿಗೆ ಸುರಿಯಬೇಕು. ಅದರಲ್ಲಿ ಏನು ಬೆಳೆಯುತ್ತದೋ ಬೆಳೆಯಲಿ, ಯಾರೂ ಕಳೆ ಕೀಳುವಂತಿಲ್ಲ. ಪೌರತ್ವ ಇರಲಿ ಬಿಡಲಿ, ಆ ನೆಲದಲ್ಲಿ ಬದುಕುವ ಎಲ್ಲರಿಗೂ ಅದು ಅರ್ಪಣೆ. ಮಣ್ಣಿನ ಹೆಸರಲ್ಲಿ ನಾಜಿಗಳು ಮಾಡಿದ್ದು ನೆನಪಾಗುತ್ತದೆ ಎಂದು ಅನೇಕ ಸಂಸದರು ವಿರೋಧಿಸಿದರು. 2000ದ ಏಪ್ರಿಲ್‌ನಲ್ಲಿ ಸಂಸತ್ತಿನಲ್ಲೇ ಚರ್ಚೆ ನಡೆದು ಮತ ಹಾಕಲಾಯಿತು. ಕೃತಿಯ ಪರ 260, ವಿರುದ್ಧ 258. ಒಂದು ಶಿಲ್ಪದ ಪ್ರಶ್ನೆಯನ್ನು ಪೊಲೀಸ್ ಠಾಣೆಗೆ ಕಳಿಸದೆ ಸದನದಲ್ಲಿ ವಾದ ಮಾಡಿ ತೀರ್ಮಾನಿಸಿದ್ದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ.

ಮುಂದೆ ಏನಾಗಬಹುದು

ಮೊದಲ ಪರಿಣಾಮ ಈಗಾಗಲೇ ಕಾಣುತ್ತಿದೆ. ನಮ್ಮ ಶಿಲ್ಪಿಗಳು ಬಾವುಟವನ್ನಾಗಲಿ ಸಿಂಹವನ್ನಾಗಲಿ ನೇರವಾಗಿ ಮುಟ್ಟುವುದು ಅಪರೂಪ. ಕಾನೂನು ಹಿಡಿಯುವುದು ಗುರುತು ಹಿಡಿಯಬಹುದಾದ ರೂಪವನ್ನು. ಹಾಗಾಗಿ ಅವರು ಆ ರೂಪವನ್ನು ಬಿಟ್ಟು ಅದರ ಸುತ್ತ ಇರುವ ವಸ್ತುಗಳನ್ನು ಹಿಡಿಯುತ್ತಾರೆ. ಇದರಿಂದ ಕಲೆ ಸೂಕ್ಷ್ಮವಾಗಿದೆ, ಅದು ನಿಜ. ಆದರೆ ನಷ್ಟವೂ ಇದೆ. ಇಂಥ ಕೃತಿಯನ್ನು ಓದಲು ಪರಿಚಯ ಬೇಕು. 1:14.9 ಇರುವುದು ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂ ಸಂಗ್ರಹದಲ್ಲಿ. ಬೇಲಿಯ ಪಕ್ಕದಲ್ಲೇ ಹೊಲ ಇರುವವರು ಅದನ್ನು ನೋಡುವ ಸಾಧ್ಯತೆ ಕಡಿಮೆ.

ಎರಡನೆಯದು ಸಮಯದ ಪೆಟ್ಟು. ಕೇಕ್ ಪ್ರಕರಣ ಮುಗಿಯಲು ಏಳು ವರ್ಷಕ್ಕೂ ಜಾಸ್ತಿ ಹಿಡಿಯಿತು. ಅಸೀಮ್ ತ್ರಿವೇದಿ ಮೇಲಿನ ದೇಶದ್ರೋಹದ ಆರೋಪವನ್ನು ಸರ್ಕಾರ ಕೈಬಿಟ್ಟಿತು, ಆದರೆ ಬಂಧನ ಆಗಿಯೇ ಹೋಗಿತ್ತು. ಭಾರತಮಾತೆಯ ಚಿತ್ರದ ವಿಷಯದಲ್ಲಿ ಚಿತ್ರಕಾರ ಎಂ.ಎಫ್. ಹುಸೇನ್ ಪರವಾಗಿ ದೆಹಲಿ ಹೈಕೋರ್ಟ್ 2008ರಲ್ಲಿ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಅವರು ದೇಶ ಬಿಟ್ಟಾಗಿತ್ತು, ಮತ್ತೆ ಬರಲಿಲ್ಲ. 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಗೆದ್ದರೂ ಕಳೆದುಕೊಳ್ಳುವುದು ಇಷ್ಟಿದ್ದರೆ ಗ್ಯಾಲರಿ ನಡೆಸುವವರು, ಹಣ ಹಾಕುವವರು ಮೊದಲೇ ಹಿಂದೆ ಸರಿಯುತ್ತಾರೆ. ಯಾರೂ ನಿಷೇಧಿಸದೆಯೇ ಕೃತಿ ಹುಟ್ಟದೆ ಹೋಗುತ್ತದೆ.

ಮೂರನೆಯದು ಕಾನೂನಿನೊಳಗಿನ ಬಿರುಕು. ಧ್ವಜಸಂಹಿತೆ ಸರ್ಕಾರದ ಸೂಚನೆಗಳ ಕಟ್ಟು. ಅದು ಸಂವಿಧಾನದ ಅರ್ಥದಲ್ಲಿ ಕಾನೂನಲ್ಲ ಎಂದು ಜಿಂದಾಲ್ ಪ್ರಕರಣದ 2004ರ ತೀರ್ಪೇ ಹೇಳಿದೆ. ಅದಕ್ಕೇ ಬಾವುಟದ ಬಟ್ಟೆಯನ್ನು ಒಂದು ಆದೇಶದಲ್ಲಿ ಬದಲಾಯಿಸಲು ಆಯಿತು. 1971ರ ಕಾಯ್ದೆ ಹಾಗಲ್ಲ. ಯಾವುದೇ ವಸ್ತುವಿನಿಂದ ಮಾಡಿದ್ದಾದರೂ ಎಂಬ ಅದರ ಮಾತನ್ನು ಬದಲಿಸಲು ಸಂಸತ್ತೇ ಬೇಕು. ಸಂಸತ್ತು ಸದ್ಯಕ್ಕೆ ಇದನ್ನು ಮುಟ್ಟುವ ಸೂಚನೆ ಇಲ್ಲ. ಹಾಗಾಗಿ ಕಲಾಕೃತಿಗೆ ವಿನಾಯಿತಿ ಬರುವುದಾದರೆ ಅದು ನ್ಯಾಯಾಲಯದ ಮೂಲಕವೇ ಬರಬೇಕು, ಅದೂ ಶಿಲ್ಪಿಯೊಬ್ಬರ ಮೇಲೆ ಕೇಸು ಬಿದ್ದ ಮೇಲೆ. ಆಗ ಕೋರ್ಟಿನ ಮುಂದೆ ಎರಡು ದಾರಿ ಇರುತ್ತವೆ. ಮದ್ರಾಸ್ ಹೈಕೋರ್ಟಿನಂತೆ ಉದ್ದೇಶ ಏನಿತ್ತು ಎಂದು ಮೊದಲು ಕೇಳಬಹುದು. ಇಲ್ಲವೇ ಕಾಯ್ದೆಯ ಅಕ್ಷರ ಹಿಡಿದು, ಮೂರು ಬಣ್ಣ ಮತ್ತು ಒಂದು ಚಕ್ರ ಕಂಡರೆ ಸಾಕು ಎನ್ನಬಹುದು. ಮೊದಲನೆಯದಾದರೆ ಬೆಂಗೇರಿಯ ಖಾದಿ ತುಂಡುಗಳಿಂದಲೇ ಯಾರಾದರೂ ಪಾಲಿಯೆಸ್ಟರ್ ಬಾವುಟವನ್ನು ಪ್ರಶ್ನಿಸುವ ಶಿಲ್ಪ ಮಾಡಿ, ಹುಬ್ಬಳ್ಳಿಯಲ್ಲೇ ಭಯವಿಲ್ಲದೆ ನಿಲ್ಲಿಸಬಹುದು. ಎರಡನೆಯದಾದರೆ ಆ ಶಿಲ್ಪವನ್ನು ಮಾಡುವ ಮೊದಲು ವಕೀಲರನ್ನು ಕೇಳಬೇಕಾಗುತ್ತದೆ.